ತಿಪಟೂರಿನ ಗ್ರಿಲ್ ಅಂಗಡಿ, ಅರಿಜೋನಾದ ಜೀಪಿನ ಬಾಗಿಲು

ಮಗನ ಜೀಪಿಗೆ ಬಾಗಿಲಿಲ್ಲ ಎಂದು ಊರಲ್ಲಿ ಕೂತು ಚಿಂತಿಸುತ್ತಿದ್ದ ಅಪ್ಪ, ಅಮೆರಿಕಕ್ಕೆ ಬಂದವರೇ ಗ್ಯಾರೇಜಿನಲ್ಲಿ ಕೂತು ಕೊಳವೆ ಬಾಗಿಲು ಮಾಡಿಕೊಟ್ಟರು. ಅದು ಏನನ್ನು ಕಾಯುತ್ತದೆ, ಏನನ್ನು ಕಾಯುವುದಿಲ್ಲ ಎಂಬುದನ್ನೂ ಹೇಳಿಕೊಟ್ಟು ಹೋದರು.

ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ನಾನು ಕಳಿಸಿದ್ದು ಒಂದೇ ಒಂದು ಫೋಟೊ. ಅರಿಜೋನಾದ ಕಲ್ಲುಮಣ್ಣಿನ ದಾರಿ, ಹಿಂದೆ ಕಂಬದಂತೆ ನಿಂತ ಸಗ್ವಾರೊ ಕಳ್ಳಿಗಳು, ನಡುವೆ ನನ್ನ ಹಳೇ ಜೀಪು. ಮುಂದಿನ ಸೀಟಿನಲ್ಲಿ ಹೆಂಡತಿ, ಹಿಂದೆ ಹತ್ತು ವರ್ಷದ ಮಗಳು. ಚಿಕ್ಕಪ್ಪ ‘ಸೂಪರ್’ ಎಂದು ಬರೆದರು. ಅಮ್ಮ ಹತ್ತೇ ನಿಮಿಷದಲ್ಲಿ ತಿಪಟೂರಿನಿಂದ ಫೋನ್ ಮಾಡಿದಳು.

“ಏನೋ ಅದು, ಗಾಡಿಗೆ ಬಾಗಿಲೇ ಇಲ್ವಲ್ಲೋ?”

“ಬಿಚ್ಚಿಟ್ಟಿದೀನಿ ಅಮ್ಮ. ಇಲ್ಲಿ ಜೀಪು ಇರೋರೆಲ್ಲ ಹಿಂಗೇ ಓಡಿಸ್ತಾರೆ.”

“ಓಡಿಸ್ಲಿ ಬಿಡು. ಅವರ ಗಾಡೀಲಿ ನನ್ನ ಸೊಸೆ, ಮೊಮ್ಮಗಳು ಕೂತಿರಲ್ಲ.”

ಫೋನು ಅಪ್ಪನ ಕೈಗೆ ಹೋಯಿತು. ಅಪ್ಪ ಬಯ್ಯಲಿಲ್ಲ. “ಹಿಂಜು ಗಾಡೀಲಿ ಹಂಗೇ ಇದೆ ತಾನೆ? ಒಂದಿಂಚು ಪೈಪಲ್ಲಿ ಚೌಕಟ್ಟು ಮಾಡಿ ಹಾಕು. ಅರ್ಧ ದಿನದ ಕೆಲಸ” ಎಂದರು.

ಅರ್ಧ ದಿನದ ಕೆಲಸ ಅಂದವರು ಮುಂದೆ ಏಳು ವಾರ ನನ್ನ ಗ್ಯಾರೇಜಿನಲ್ಲಿ ಕೂತರು. ಇಬ್ಬರೂ ಸೇರಿ ಎರಡು ಬಾಗಿಲು ಮಾಡಿದೆವು. ಒಂದು ಬಾಗಿಲು ಮೊದಲ ದಿನವೇ ಕೈಕೊಟ್ಟಿತು. ಆ ಕಥೆಯನ್ನೇ ಇಲ್ಲಿ ಹೇಳುತ್ತಿದ್ದೇನೆ. ಮಕ್ಕಳು ದೂರದೇಶದಲ್ಲಿ ಯಾವುದೋ ಗಾಡಿ, ಯಾವುದೋ ಗುಡ್ಡ ಎಂದು ಫೋಟೊ ಕಳಿಸಿದಾಗ ಊರಲ್ಲಿ ಹೊಟ್ಟೆಯಲ್ಲಿ ಕಿವುಚಿದಂತಾಗುವ ಅಪ್ಪ ಅಮ್ಮಂದಿರಿಗೂ ಇದು ತಿಳಿದಿರಲಿ.

ಬಾಗಿಲು ಬಿಚ್ಚುವ ಗಾಡಿ

ನನ್ನದು 2004ರ ಮಾದರಿಯ ಜೀಪ್ ರ್‍ಯಾಂಗ್ಲರ್. 1997ರಿಂದ 2006ರವರೆಗೆ ಬಂದ ಈ ಪೀಳಿಗೆಯನ್ನು ಇಲ್ಲಿನವರು ‘ಟಿಜೆ’ ಎನ್ನುತ್ತಾರೆ. ಎರಡೇ ಬಾಗಿಲು, ಬಟ್ಟೆಯ ಛಾವಣಿ, ಆರು ಸಿಲಿಂಡರಿನ ನಾಲ್ಕು ಲೀಟರ್ ಎಂಜಿನ್. ಇದರ ಬಾಗಿಲನ್ನು ಬಿಚ್ಚಲೆಂದೇ ಮಾಡಿರುತ್ತಾರೆ. ತಿರುಪು ತೆಗೆದು, ಬಾಗಿಲು ತೀರಾ ಹಿಂದಕ್ಕೆ ಹೋಗದಂತೆ ಹಿಡಿದಿರುವ ಪಟ್ಟಿಯ ಕೊಂಡಿ ಕಳಚಿ, ಮೇಲಕ್ಕೆತ್ತಿದರೆ ಬಾಗಿಲು ಕೈಗೆ ಬರುತ್ತದೆ.

ಇದು ಇಂದಿನ ಶೋಕಿಯಲ್ಲ. ಎರಡನೇ ಮಹಾಯುದ್ಧದ ಕಾಲದ ವಿಲ್ಲೀಸ್ ಜೀಪಿಗೆ ಬಾಗಿಲೇ ಇರಲಿಲ್ಲ. ಕೂತವರು ಜಾರದಂತೆ ಅಡ್ಡಲಾಗಿ ಒಂದು ಪಟ್ಟಿ ಇರುತ್ತಿತ್ತು, ಅಷ್ಟೇ. ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲಿ ಓಡಾಡುವ ಹಳೇ ಮಹೀಂದ್ರ ಜೀಪುಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಅರ್ಧ ಬಾಗಿಲು, ಮೇಲೆ ಕ್ಯಾನ್ವಾಸು, ಮಳೆ ಬಂದರೆ ಗುಂಡಿ ಹಾಕಿಕೊಳ್ಳುವುದು.

ಫೀನಿಕ್ಸ್ ಸುತ್ತಮುತ್ತ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಹವೆ ಹಿತವಾಗಿರುತ್ತದೆ. ಆಗ ಜೀಪು ಇದ್ದವರು ಬಾಗಿಲು, ಛಾವಣಿ ಎಲ್ಲ ಬಿಚ್ಚಿ ಮರುಭೂಮಿಯ ದಾರಿ ಹಿಡಿಯುತ್ತಾರೆ. ಕಲ್ಲಿನ ಮೇಲೆ ಇಳಿಸುವಾಗ ತಲೆ ಹೊರಹಾಕಿ ಮುಂದಿನ ಚಕ್ರ ಎಲ್ಲಿ ಕೂತಿದೆ ಎಂದು ನೋಡಬಹುದು. ಆದರೆ ಪೂರ್ತಿ ಬಯಲಾದರೆ ಅಭ್ಯಾಸ ಇಲ್ಲದವರು ವಾಲಿದಾಗ ಕೈ ಹೊರಚಾಚುತ್ತಾರೆ, ಕಾಲಿನ ಹತ್ತಿರ ಇಟ್ಟ ಚೀಲ ಕೆಳಗೆ ಬೀಳುತ್ತದೆ. ಅದಕ್ಕೇ ಕೊಳವೆ ಬಾಗಿಲು. ತಗಡಿನ ಬದಲು ಬಗ್ಗಿಸಿದ ಉಕ್ಕಿನ ಕೊಳವೆಯ ಚೌಕಟ್ಟು, ನಡುವೆ ಒಂದು ಓರೆ ಕೊಳವೆ, ಮೂಲ ಹಿಂಜಿಗೇ ಕೂರುವ ಎರಡು ಪಿನ್ನು, ಒಂದು ಲಾಚು. ಅಂಗಡಿಯಲ್ಲಿ ಸಿದ್ಧವಾಗಿಯೂ ಸಿಗುತ್ತದೆ, ಜೊತೆಗೆ ಕೆಲವು ನೂರು ಡಾಲರ್. ಗ್ಯಾರೇಜು, ವೆಲ್ಡಿಂಗ್ ಮಿಷನ್ ಇದ್ದವರು ತಾವೇ ಮಾಡಿಕೊಳ್ಳುತ್ತಾರೆ.

ಕೂತು ಬೇಸತ್ತ ಅಪ್ಪ

ಅಪ್ಪ ಅಮ್ಮ ಅಕ್ಟೋಬರ್‌ನಲ್ಲಿ ಬಂದರು. ಮೊದಲ ಎರಡು ವಾರ ಎಲ್ಲರ ಮನೆಯಲ್ಲೂ ನಡೆಯುವಂತೆಯೇ ನಡೆಯಿತು. ದೇವಸ್ಥಾನ, ಅಂಗಡಿ, ಗ್ರ್ಯಾಂಡ್ ಕ್ಯಾನಿಯನ್. ಆಮೇಲೆ ನಾವಿಬ್ಬರೂ ಕೆಲಸಕ್ಕೆ, ಮಗಳು ಶಾಲೆಗೆ. ಅಮ್ಮ ಅಡುಗೆಮನೆ, ಧಾರಾವಾಹಿ ಎಂದು ಹೇಗೋ ಹೊಂದಿಕೊಂಡಳು. ಅಪ್ಪ ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ನಡೆದು ಬರುವರು. ದಾರಿಯಲ್ಲಿ ಒಬ್ಬ ಮನುಷ್ಯ ಸಿಗುವುದಿಲ್ಲ, ಸಿಕ್ಕರೂ ಭಾಷೆ ಬಾರದು. ಸಂಜೆ ನಾನು ಬರುವ ಹೊತ್ತಿಗೆ ಕಿಟಕಿಯ ಹತ್ತಿರ ಸುಮ್ಮನೆ ಕೂತಿರುತ್ತಿದ್ದರು. “ಟಿಕೆಟ್ ಮುಂಚೆ ಮಾಡ್ಸಕ್ಕೆ ಆಗುತ್ತೇನೋ ನೋಡು” ಎಂದು ಒಮ್ಮೆ ಕೇಳಿಯೂ ಬಿಟ್ಟರು.

ತಿಪಟೂರಿನಲ್ಲಿ ನಲವತ್ತು ವರ್ಷ ಗ್ರಿಲ್ ಅಂಗಡಿ ನಡೆಸಿದ ಕೈ ಅದು. ಕಿಟಕಿ ಗ್ರಿಲ್ಲು, ಗೇಟು, ತೆಂಗಿನಕಾಯಿ ಸಾಗಿಸುವ ಕೈಗಾಡಿ, ಟ್ರಾಕ್ಟರ್ ಟ್ರಾಲಿಯ ರಿಪೇರಿ. ಅಂಗಡಿಯ ಮೂಲೆಯಲ್ಲಿ ಎಣ್ಣೆ ತುಂಬಿದ ದೊಡ್ಡ ವೆಲ್ಡಿಂಗ್ ಟ್ರಾನ್ಸ್‌ಫಾರ್ಮರು ಗುಂಯ್ ಅನ್ನುತ್ತಿತ್ತು. ನಾನು ಹತ್ತಿರ ಹೋದರೆ “ಕಣ್ಣಿಗೆ ಹೊಡೀತದೆ, ಹೋಗಿ ಓದ್ಕೋ” ಎಂದು ಅಟ್ಟುತ್ತಿದ್ದರು. ಆ ಅಂಗಡಿಯ ದುಡ್ಡಿನಲ್ಲೇ ನಾನು ಎಂಜಿನಿಯರಾದೆ. ಮೆಕ್ಯಾನಿಕಲ್ ಎಂಜಿನಿಯರ್, ಆದರೆ ಒಂದು ಟ್ಯಾಕ್ ಹಾಕಲೂ ಬಾರದು.

ಒಂದು ಶನಿವಾರ ನಾನೇ ಕೇಳಿದೆ. “ಅಪ್ಪ, ಆ ಜೀಪಿನ ಬಾಗಿಲು ಮಾಡೋಣ್ವಾ?”

ಅವರು ಕೂತಲ್ಲಿಂದ ಎದ್ದ ರೀತಿ ನೋಡಿ ಅಮ್ಮ ನಕ್ಕುಬಿಟ್ಟಳು. ಹೆಂಡತಿ ಮಾತ್ರ ಒಳಗೆ ಕರೆದು ಹೇಳಿದಳು. “ರೀ, ಮಾವನಿಗೆ ಅರವತ್ತೆಂಟು. ಗ್ರೈಂಡರ್ ಗಿಂಡರ್ ತಾಗಿ ಏನಾದ್ರೂ ಆದ್ರೆ ಇಲ್ಲಿ ಆಸ್ಪತ್ರೆ ಬಿಲ್ ಯೋಚ್ನೆ ಮಾಡಿದೀರಾ?”

ಅವಳ ಮಾತು ಸುಳ್ಳಲ್ಲ. ಇಲ್ಲಿಗೆ ಬರುವ ಹೆತ್ತವರಿಗೆ ನಾವು ಮಾಡಿಸುವ ವಿಮೆಯಲ್ಲಿ ಅದಿಲ್ಲ, ಇದಿಲ್ಲ ಎಂಬ ಪಟ್ಟಿ ಉದ್ದ ಇರುತ್ತದೆ. ಹಾಗಾಗಿ ಮೊದಲು ನಿಯಮ ಮಾಡಿಕೊಂಡೆವು. ಚಪ್ಪಲಿ ಬೇಡ, ಚರ್ಮದ ಬೂಟು. ಪಾಲಿಯೆಸ್ಟರ್ ಅಂಗಿ ಬೇಡ, ತುಂಬುತೋಳಿನ ಹತ್ತಿ ಬಟ್ಟೆ. ಗ್ರೈಂಡರಿನ ಗಾರ್ಡ್ ಬಿಚ್ಚುವಂತಿಲ್ಲ, ಒಂದು ಕೈಯಲ್ಲಿ ಹಿಡಿಯುವಂತಿಲ್ಲ. ನಾನು ಮನೆಯಲ್ಲಿ ಇಲ್ಲದಾಗ ಮಿಷನ್ ಮುಟ್ಟುವಂತಿಲ್ಲ. “ನಲವತ್ತು ವರ್ಷ ಮಾಡಿದೀನಿ ಕಣೋ” ಎಂದು ಅಪ್ಪ ಗೊಣಗಿದರು. ಆದರೆ ವೆಲ್ಡಿಂಗ್ ಕಿಡಿ ಹತ್ತಿದ ಕೂಡಲೇ ಗಾಜು ತಾನೇ ಕಪ್ಪಾಗುವ ಹೆಲ್ಮೆಟ್ ತಲೆಗೆ ಹಾಕಿಕೊಂಡ ಮೇಲೆ ಸುಮ್ಮನಾದರು. ಊರಿನಲ್ಲಿ ಒಂದು ಕೈಯಲ್ಲಿ ಕಪ್ಪು ಗಾಜಿನ ಹಲಗೆ, ಇನ್ನೊಂದು ಕೈಯಲ್ಲಿ ಹೋಲ್ಡರು. “ಇದು ಆವಾಗ್ಲೇ ಇದ್ದಿದ್ರೆ ನನ್ನ ಕಣ್ಣು ಇನ್ನೊಂದ್ಚೂರು ನೆಟ್ಟಗಿರ್ತಿತ್ತು” ಎಂದರು.

ಪೈಪು ಬೇರೆ, ಟ್ಯೂಬು ಬೇರೆ

ಮೊದಲ ಎಡವಟ್ಟು ನನ್ನದೇ. ಅಗ್ಗಕ್ಕೆ ಸಿಕ್ಕಿತೆಂದು ಮನೆಯ ವೈರಿಂಗ್‌ಗೆ ಬಳಸುವ ಕಬ್ಬಿಣದ ಕಾಂಡ್ಯೂಟ್ ತಂದಿದ್ದೆ. ಅಪ್ಪ ಅದನ್ನು ಮೊಳೆಯಿಂದ ಕೆರೆದು ನೋಡಿದರು. “ಇದು ಜಿ.ಐ. ಮಗಾ. ಸತುವಿನ ಲೇಪ ಇದೆ. ಇದಕ್ಕೆ ವೆಲ್ಡಿಂಗ್ ಹಿಡಿದ್ರೆ ಬಿಳಿ ಹೊಗೆ ಏಳ್ತದೆ, ರಾತ್ರಿಗೆ ಚಳಿಜ್ವರ.” ಸತುವಿನ ಹೊಗೆ ಸೇವಿಸಿದ ಕೆಲವು ಗಂಟೆಗಳ ಮೇಲೆ ಮೈನಡುಕ, ಜ್ವರ, ಗಂಟಲು ಕೆರೆತ ಬರುವುದು ವೈದ್ಯರಿಗೂ ಗೊತ್ತಿರುವ ಕಾಯಿಲೆಯೇ. ಊರಿನ ಅಂಗಡಿಗಳಲ್ಲಿ ಅದಕ್ಕೆ ಹಾಲು ಕುಡಿಸುತ್ತಾರೆ. “ಹಾಲು ಕುಡ್ದು ಕುಡ್ದು ಮಲಗಿದೀನಿ, ಜ್ವರ ಏನೂ ತಪ್ಪಲಿಲ್ಲ” ಎಂದರು ಅಪ್ಪ. ಅದೂ ಅಲ್ಲದೆ ಕಾಂಡ್ಯೂಟಿನ ಗೋಡೆ ತೆಳು, ವೈರು ಹಾಯಿಸಲು ಮಾಡಿದ್ದು, ಮನುಷ್ಯರನ್ನು ತಡೆಯಲು ಮಾಡಿದ್ದಲ್ಲ. ಅದನ್ನು ಹಿಂದಿರುಗಿಸಿ ಬಂದೆ.

ಉಕ್ಕಿನ ಅಂಗಡಿಯಲ್ಲಿ ಎರಡನೇ ಗೊಂದಲ. ಅಪ್ಪ ಹೇಳಿದ್ದು ಒಂದಿಂಚು ಪೈಪು. ಪೈಪಿನ ಲೆಕ್ಕ ಒಳಗಿನ ದಾರಿಯ ಹೆಸರಿನಲ್ಲಿ ನಡೆಯುತ್ತದೆ, ಒಂದಿಂಚು ಪೈಪಿನ ಹೊರ ಅಳತೆ ಸುಮಾರು 1.3 ಇಂಚು ಇರುತ್ತದೆ. ಟ್ಯೂಬಿನ ಲೆಕ್ಕ ಹೊರ ಅಳತೆಯದ್ದು, ಒಂದಿಂಚು ಟ್ಯೂಬು ಎಂದರೆ ಹೊರಗಿನಿಂದ ಸರಿಯಾಗಿ ಒಂದಿಂಚು. ಇದು ತಿಳಿಯದೆ ಪೈಪು ಬಗ್ಗಿಸುವ ಮಿಷನ್‌ನಲ್ಲಿ ಟ್ಯೂಬು ಇಟ್ಟರೆ ಅಚ್ಚಿನಲ್ಲಿ ಸಡಿಲ ಕೂತು, ಬಗ್ಗಿದ ಕಡೆ ಚಪ್ಪಟೆಯಾಗಿ ಸುಕ್ಕು ಬೀಳುತ್ತದೆ. ನಾನು ಬಾಡಿಗೆಗೆ ತಂದ ಹೈಡ್ರಾಲಿಕ್ ಪೈಪ್ ಬೆಂಡರ್‌ನಲ್ಲಿ ಆಗಿದ್ದೂ ಅದೇ. ನಾಲ್ಕಡಿ ಟ್ಯೂಬು ಗುಜರಿಗೆ.

ಕೊನೆಗೆ ಕೊಂಡದ್ದು 1 ಇಂಚು ಹೊರವ್ಯಾಸ, 0.095 ಇಂಚು, ಅಂದರೆ ಹತ್ತಿರ ಹತ್ತಿರ 2.4 ಮಿಲಿಮೀಟರ್ ಗೋಡೆಯ ಉಕ್ಕಿನ ಟ್ಯೂಬು. ಇದರಲ್ಲೂ ಎರಡು ಬಗೆ. ತಗಡನ್ನು ಸುರುಳಿ ಸುತ್ತಿ ಅಂಚು ಬೆಸೆದದ್ದು ಒಂದು. ಹಾಗೆ ಬೆಸೆದದ್ದನ್ನೇ ಮತ್ತೆ ಅಚ್ಚಿನ ಮೇಲೆ ಎಳೆದು ಗೋಡೆ ಸಮ ಮಾಡಿದ್ದು ಇನ್ನೊಂದು, ಅದಕ್ಕೆ ಬೆಲೆ ಹೆಚ್ಚು. ತಲೆಯ ಮೇಲಿನ ರೋಲ್ ಕೇಜ್‌ಗೆ ಎರಡನೆಯದನ್ನೇ ಹೆಚ್ಚಿನವರು ಹಾಕುತ್ತಾರೆ. ಬಾಗಿಲಿಗೆ ಮೊದಲನೆಯದು ಸಾಕೆನಿಸಿತು. ಬಾಗಿಲೊಂದಕ್ಕೆ ಸುಮಾರು 11 ಅಡಿ ಬೇಕು. 20 ಅಡಿಯ ಎರಡು ಉದ್ದ ತಂದೆವು, ಉಳಿದದ್ದು ಕಲಿಯಲು. ಹಿಂಜು, ಲಾಚು, ಬಣ್ಣ ಎಲ್ಲ ಸೇರಿ 230 ಡಾಲರ್ ಆಯಿತು. ಕೆಟ್ಟು ಹೋದದ್ದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಎದುರು ಮನೆಯ ಮೇಸ್ತ್ರಿ

ಸುಕ್ಕು ಬಿದ್ದ ಟ್ಯೂಬನ್ನು ಮನೆ ಮುಂದೆ ಇಟ್ಟುಕೊಂಡು ಕೂತಿದ್ದಾಗ ಎದುರು ಮನೆಯ ನಿವೃತ್ತ ಮೆಕ್ಯಾನಿಕ್ ರಸ್ತೆ ದಾಟಿ ಬಂದರು. ಏಳು ವರ್ಷದಿಂದ ಕೈಬೀಸುವುದಷ್ಟೇ ನಮ್ಮ ಪರಿಚಯ. ಟ್ಯೂಬನ್ನು ನೋಡಿದರು, ಅಪ್ಪನನ್ನು ನೋಡಿದರು, ಏನೂ ಹೇಳದೆ ಹೋಗಿ ತಮ್ಮ ಗ್ಯಾರೇಜಿನ ಬಾಗಿಲು ತೆರೆದರು. ಒಳಗೆ ನೆಲಕ್ಕೆ ಬೋಲ್ಟ್ ಹಾಕಿ ನಿಲ್ಲಿಸಿದ, ಉದ್ದನೆಯ ಹಿಡಿಯ ಟ್ಯೂಬ್ ಬೆಂಡರ್ ಇತ್ತು. ಒಂದಿಂಚಿನ ಅಚ್ಚೂ ಇತ್ತು.

ಅಪ್ಪನ ವಿಧಾನ ಬೇರೆ. ಟ್ಯೂಬಿಗೆ ಒಣ ಮರಳು ಗಿಡಿದು, ಎರಡೂ ಕಡೆ ಮರದ ಬಿರಡೆ ಬಡಿದು, ಕಾಯಿಸಿ ಬಗ್ಗಿಸುವುದು. ಒಳಗೆ ಮರಳಿದ್ದರೆ ಗೋಡೆ ಒಳಕ್ಕೆ ಕುಸಿಯುವುದಿಲ್ಲ. ಆದರೆ ಮರಳು ಚೂರು ಹಸಿಯಿದ್ದರೂ ಕಾಯಿಸಿದಾಗ ಆವಿಯಾಗಿ ಬಿರಡೆ ಗುಂಡಿನಂತೆ ಹಾರುತ್ತದೆ. ಇದನ್ನು ಅಪ್ಪ ಕೈಸನ್ನೆಯಲ್ಲೇ ಆ ಹಿರಿಯರಿಗೆ ವಿವರಿಸಿದರು. ಅವರು ತಮ್ಮ ಮುಂಗೈಯ ಹಳೇ ಗಾಯದ ಗುರುತು ತೋರಿಸಿ ತಲೆಯಾಡಿಸಿದರು. ಅವರಿಗೆ ಕನ್ನಡ ಬಾರದು, ಅಪ್ಪನಿಗೆ ಇಂಗ್ಲಿಷ್ ಬಾರದು. ಅಂದಿನಿಂದ ದಿನಾ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ನಮ್ಮ ಗ್ಯಾರೇಜಿನಲ್ಲಿ ಎರಡು ಸ್ಟೂಲು ಹಾಕಿಕೊಂಡು ಕೂರತೊಡಗಿದರು. ಅಮ್ಮನ ಕಾಫಿ ಲೋಟ ಎರಡಾಯಿತು. ಟಿಕೆಟಿನ ಮಾತು ಮತ್ತೆ ಬರಲಿಲ್ಲ.

ಅಳತೆಗೆ ಮೊದಲು ರಟ್ಟು. ದೊಡ್ಡ ಪೆಟ್ಟಿಗೆಯ ರಟ್ಟನ್ನು ಬಾಗಿಲ ಜಾಗಕ್ಕೆ ಹಿಡಿದು ಅಂಚು ಗೀಚಿ ಕತ್ತರಿಸಿದೆವು. ಅದನ್ನು ಗ್ಯಾರೇಜಿನ ನೆಲದ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಸುತ್ತಲೂ ಅರ್ಧ ಇಂಚು ಬಿಡುವು. ಬಗ್ಗಿಸಿದ ಪ್ರತಿ ಮೂಲೆಯನ್ನೂ ಆ ಗೆರೆಯ ಮೇಲಿಟ್ಟು ನೋಡುವುದು. ಟ್ಯೂಬು ಬಗ್ಗಿಸಿ ಬಿಟ್ಟ ಕೂಡಲೇ ಕೆಲವು ಡಿಗ್ರಿ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. 90 ಡಿಗ್ರಿ ಬೇಕಾದರೆ ಅದಕ್ಕಿಂತ ಸ್ವಲ್ಪ ಹೆಚ್ಚೇ ಬಗ್ಗಿಸಬೇಕು. ಎಷ್ಟು ಹೆಚ್ಚು ಎಂಬುದಕ್ಕೆ ತುಂಡು ಟ್ಯೂಬಿನಲ್ಲಿ ಮಾಡಿ ನೋಡುವುದೇ ದಾರಿ.

ಓರೆ ಕೊಳವೆಯ ತುದಿ ಇನ್ನೊಂದು ಕೊಳವೆಯ ದುಂಡಿಗೆ ಕೂರಬೇಕು. ನೇರ ಕತ್ತರಿಸಿದರೆ ಎರಡು ಕಡೆ ಮಾತ್ರ ತಾಗಿ, ಉಳಿದ ಕಡೆ ಸಂದಿ. ತುದಿಯನ್ನು ಮೀನಿನ ಬಾಯಿಯಂತೆ ಕೊರೆಯಬೇಕು. ಅಪ್ಪ ಮಗಳ ನೋಟ್‌ಬುಕ್ಕಿನ ಹಾಳೆಯನ್ನು ಕೊಳವೆಗೆ ಸುತ್ತಿ, ಬೇಕಾದ ಬಾಗು ಗುರುತು ಮಾಡಿ, ಗ್ರೈಂಡರಿನಲ್ಲಿ ಒರಟಾಗಿ ಕತ್ತರಿಸಿ, ಉಳಿದದ್ದನ್ನು ಅರ್ಧದುಂಡು ಅರದಲ್ಲಿ ಉಜ್ಜಿದರು. ಒಂದೊಂದು ತುದಿಗೆ ಅರ್ಧ ಗಂಟೆ. “ಸಂದಿ ಬಿಟ್ಟು ರಾಡು ಸುರಿದು ಮುಚ್ಚೋದು ಸುಲಭ. ಮೇಲೆ ಬಣ್ಣ ಹೊಡೆದ್ರೆ ಯಾರಿಗೂ ಕಾಣಲ್ಲ. ಆದ್ರೆ ಮುರಿಯೋದು ಅಲ್ಲೇ” ಎಂದರು.

ಟ್ಯಾಕ್ ಹಾಕು, ತಡಿ

ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿಯ ಸಂಪರ್ಕ ಕಳಚಿದೆವು. ಸೀಟು ಬಿಚ್ಚಿ ಹೊರಗಿಟ್ಟು, ಗಾಜಿನ ಮೇಲೆ ಬೆಂಕಿ ತಾಳುವ ಹೊದಿಕೆ ಹಾಕಿದೆವು. ಬಕೆಟ್ ನೀರು, ಅಗ್ನಿಶಾಮಕ ಡಬ್ಬಿ ಪಕ್ಕದಲ್ಲೇ. ಹಿಂಜಿನ ಪಿನ್ನನ್ನು ಗಾಡಿಯಲ್ಲೇ ಕೂರಿಸಿ, ಚೌಕಟ್ಟನ್ನು ಮರದ ತುಂಡುಗಳ ಮೇಲೆ ಎತ್ತರಕ್ಕೆ ನಿಲ್ಲಿಸಿ, ಅಲ್ಲೇ ನಾಲ್ಕು ಕಡೆ ಟ್ಯಾಕ್ ಹಾಕಿದರು. ತೆಗೆದು, ಹಾಕಿ, ಹತ್ತು ಸಲ ನೋಡಿದರು. ಪೂರ್ತಿ ಬೆಸುಗೆ ಮಾತ್ರ ಗಾಡಿಯಿಂದ ಕೆಳಗಿಳಿಸಿ ಮೇಜಿನ ಮೇಲೆ.

ಮೊದಲ ಬಾಗಿಲಿನ ಬೆಸುಗೆ ಅಪ್ಪನದು, ಎರಡನೆಯದು ನನ್ನದು. ನಾನು ಒಂದು ಮೂಲೆಯಿಂದ ಶುರು ಮಾಡಿ ಸುತ್ತಲೂ ಒಂದೇ ಸಮ ಹಾಕಿಕೊಂಡು ಹೋದೆ. ತಣ್ಣಗಾದ ಮೇಲೆ ನೋಡಿದರೆ ಚೌಕಟ್ಟು ತಿರುಚಿ, ಕೆಳ ಮೂಲೆ ಅರ್ಧ ಇಂಚು ಹೊರಗೆ. ಬೆಸುಗೆ ತಣಿಯುವಾಗ ಲೋಹ ಎಳೆಯುತ್ತದೆ. ಒಂದು ಕಡೆ ಹಾಕಿದರೆ ಎದುರು ಕಡೆಯೂ ಹಾಕಿ ಆ ಎಳೆತ ಸರಿದೂಗಿಸಬೇಕು. ಪುಸ್ತಕದಲ್ಲಿ ನಾನೇ ಓದಿ ಪರೀಕ್ಷೆ ಬರೆದಿದ್ದ ಪಾಠ! ಅಪ್ಪ ನಗಲಿಲ್ಲ. ಎರಡು ಬೆಸುಗೆ ಕತ್ತರಿಸಿಹಾಕಿ “ಟ್ಯಾಕ್ ಹಾಕು, ತಡಿ, ಎದುರು ಕಡೆ ಹೋಗು. ಅವಸರ ಮಾಡ್ಬೇಡ” ಎಂದರು. ಚಿಕ್ಕಂದಿನಲ್ಲಿ ಅಂಗಡಿಯಿಂದ ಅಟ್ಟುತ್ತಿದ್ದವರು, ನಲವತ್ತೆರಡನೇ ವಯಸ್ಸಿನಲ್ಲಿ ನನ್ನ ಕೈ ಮೇಲೆ ಕೈಯಿಟ್ಟು ಬೆಸುಗೆ ಹಿಡಿಸಿದರು.

ಬುಲ್‌ಡಾಗ್ ಕ್ಯಾನಿಯನ್‌ನಲ್ಲಿ ಆದದ್ದು

ತಿಪಟೂರಿನಲ್ಲಿ ಅಪ್ಪನಿಗೆ ಒಂದು ಪದ್ಧತಿ ಇತ್ತು. ಗೇಟು ಮಾಡಿದರೆ ಗಿರಾಕಿಯ ಮನೆಯಲ್ಲಿ ಅದನ್ನು ನಿಲ್ಲಿಸಿ, ಮೊದಲು ತಾವೇ ತುದಿಗೆ ಜೋತುಬಿದ್ದು ತೂಗಿ ನೋಡುವರು. ಆಮೇಲೇ ದುಡ್ಡು. ಇಲ್ಲಿಯೂ ಹಾಗೇ. “ಮೊದಲ ಸಲ ನಾನು ಕೂರ್ತೀನಿ. ಸೊಸೆ, ಮಗು ಬೇಡ” ಎಂದರು.

ಮೆಸಾ ಊರಿನ ಆಚೆ, ಟೊಂಟೊ ರಾಷ್ಟ್ರೀಯ ಅರಣ್ಯದಲ್ಲಿ ಬುಲ್‌ಡಾಗ್ ಕ್ಯಾನಿಯನ್ ಎಂಬ ಜಾಗ ಇದೆ. ಗೋಲ್ಡ್‌ಫೀಲ್ಡ್ ಬೆಟ್ಟಗಳ ನಡುವೆ ಗಾಡಿ ಓಡಿಸುವ ಕಚ್ಚಾ ದಾರಿಗಳು. ಗೇಟಿಗೆ ಬೀಗ ಇರುತ್ತದೆ, ಅರಣ್ಯ ಇಲಾಖೆಯ ಪರವಾನಗಿ ಪಡೆದವರಿಗೆ ಅದನ್ನು ತೆರೆಯುವ ಸಂಖ್ಯೆ ಕೊಡುತ್ತಾರೆ. ಡಿಸೆಂಬರ್‌ನ ಒಂದು ಭಾನುವಾರ ನಾನು, ಅಪ್ಪ ಹೋದೆವು.

ಒಣ ಹಳ್ಳದ ಮರಳು ದಾಟಿ ಕಲ್ಲಿನ ಮೆಟ್ಟಿಲಿನಂಥ ಜಾಗಕ್ಕೆ ಬಂದೆವು. ಎಡ ಮುಂಚಕ್ರ ಕಲ್ಲಿನ ಮೇಲೆ ಹತ್ತಿತು, ಹಿಂದಿನ ಚಕ್ರ ಗುಂಡಿಯಲ್ಲಿ. ಗಾಡಿ ಅಪ್ಪನ ಕಡೆಗೆ ವಾಲಿತು. ಟಕ್ ಎಂದು ಸದ್ದಾಯಿತು. ಅಪ್ಪನ ಕಡೆಯ ಬಾಗಿಲು ತೆರೆದುಕೊಂಡು ಹೊರಕ್ಕೆ ಬೀಸಿತು. ಅದರ ಮೇಲಿನ ಕೊಳವೆಯನ್ನು ಹಿಡಿದು ಕೂತಿದ್ದ ಅಪ್ಪನ ಕೈ, ಭುಜ ಅದರ ಜೊತೆಗೇ ಹೊರಗೆ ಹೋಯಿತು. ಕೆಳಗೆ ಕಲ್ಲು. ಸೀಟ್ ಬೆಲ್ಟ್ ಹಿಡಿದು ನಿಲ್ಲಿಸಿತು.

ನಾನು ಬ್ರೇಕ್ ಒತ್ತಿ ಎಷ್ಟು ಹೊತ್ತು ಹಾಗೇ ಕೂತಿದ್ದೆನೋ. ಅಪ್ಪನೇ ಮೊದಲು ಮಾತಾಡಿದ್ದು. “ಎಂಜಿನ್ ಆಫ್ ಮಾಡು. ಲಾಚು ನೋಡೋಣ.”

ಬೆಸುಗೆ ಒಂದೂ ಬಿಟ್ಟಿರಲಿಲ್ಲ. ಹಿಂಜು ಗಟ್ಟಿಯಾಗಿತ್ತು. ತಪ್ಪಿದ್ದು ಲಾಚು. ನಾನು ತಂದಿದ್ದು ಸಣ್ಣ ಗೇಟಿಗೆ ಹಾಕುವಂಥ, ಸ್ಪ್ರಿಂಗಿನಿಂದ ಮುಂದೆ ಚಾಚುವ ನಾಲಗೆಯ ಲಾಚು. ಒಂದು ಚಕ್ರ ಮೇಲೆ, ಒಂದು ಕೆಳಗೆ ಆದಾಗ ಗಾಡಿಯ ಮೈ ತುಸು ತಿರುಚುತ್ತದೆ, ಬಾಗಿಲ ಜಾಗ ಕೆಲವೇ ಮಿಲಿಮೀಟರ್ ಅಗಲವಾಗುತ್ತದೆ. ನಾಲಗೆ ಹಿಡಿದಿದ್ದೂ ಅಷ್ಟೇ ಮಿಲಿಮೀಟರ್. ಅದರ ಮೇಲೆ ಅಪ್ಪನ ಭಾರ ಬಿತ್ತು.

ವಾಪಸು ಬರುವಾಗ ಆ ಬಾಗಿಲನ್ನು ಹಗ್ಗದಲ್ಲಿ ಕಟ್ಟಿದ್ದೆವು. ದಾರಿಯಲ್ಲಿ ಅಪ್ಪ ಹೇಳಿದ ಮಾತನ್ನು ನಾನು ಮರೆಯಲಾರೆ. “ಗೇಟು ಮಾಡೋನು ಮೊದ್ಲು ಕೇಳ್ಕೋಬೇಕಾದ್ದು, ಇದು ಯಾರನ್ನ ತಡೀಬೇಕು ಅಂತ. ದನಾನಾ, ಕಳ್ಳನ್ನಾ? ನಾವು ಅದನ್ನ ಕೇಳ್ಕೊಳ್ಳಲೇ ಇಲ್ಲ. ಚೌಕಟ್ಟು ಚೆನ್ನಾಗ್ ಬಂತು ಅಂತ ಖುಷಿಯಾಗಿಬಿಟ್ವಿ.”

ಇದು ಯಾರನ್ನು ತಡೆಯುತ್ತದೆ?

ಅಂದು ರಾತ್ರಿ ಅಮ್ಮನಿಗೆ ನಾವಿಬ್ಬರೂ ಏನೂ ಹೇಳಲಿಲ್ಲ. ಹೆಂಡತಿಗೆ ಹೇಳಿದೆ. ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದೆ. “ಸರಿ, ಈಗ ಏನು ಮಾಡ್ತೀರಾ?” ಎಂದಷ್ಟೇ ಕೇಳಿದಳು.

ಮರುದಿನ ಅಪ್ಪ ನನ್ನ ಜೀಪಿನ ಮೂಲ ಬಾಗಿಲನ್ನು ಬಿಚ್ಚಿಟ್ಟ ಕಡೆ ಹೋಗಿ ಕೂತು ಅದರ ಲಾಚನ್ನೇ ಒಂದು ಗಂಟೆ ನೋಡಿದರು. ಕಾರ್ಖಾನೆಯ ಲಾಚು ಗಾಡಿಯ ಕಂಬಕ್ಕಿರುವ ಗೂಟವನ್ನು ಕೊಕ್ಕೆಯಂತೆ ಸುತ್ತಿ ಹಿಡಿಯುತ್ತದೆ, ಎಳೆದರೆ ಜಾರುವುದಿಲ್ಲ. ಅದಕ್ಕೆ ಎರಡು ಹಂತ ಇದೆ, ಬಾಗಿಲು ಪೂರ್ತಿ ಕೂರದಿದ್ದರೂ ಮೊದಲ ಹಂತ ಹಿಡಿದುಕೊಂಡಿರುತ್ತದೆ. ಅಂಥದ್ದೇ ಎರಡು ಹಂತದ ಲಾಚು ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ತಂದು, ಅದಕ್ಕೆ ದಪ್ಪ ಪಟ್ಟಿಯ ತಟ್ಟೆ ಬೆಸೆದು ಕೂರಿಸಿದರು. ಜೊತೆಗೆ ಲಾಚು ಬಿಟ್ಟರೂ ಬಾಗಿಲು ಎರಡು ಬೆರಳಿಗಿಂತ ಹೆಚ್ಚು ತೆರೆಯದಂತೆ, ಪಿನ್ನು ಎಳೆದು ಬಿಚ್ಚುವ ಒಂದು ಗಟ್ಟಿ ಪಟ್ಟಿ. ಎದುರು ಮನೆಯವರು ತಮ್ಮ ಹಳೇ ಟ್ರಕ್ಕಿನ ಸೀಟ್ ಬೆಲ್ಟ್ ಕತ್ತರಿಸಿ ಅದನ್ನು ಕೊಟ್ಟರು.

ಇನ್ನೆರಡು ಸಣ್ಣ ವಿಷಯ ಆಗಲೇ ಸರಿ ಮಾಡಿದೆವು. ಈ ಜೀಪಿನಲ್ಲಿ ಪಕ್ಕದ ಕನ್ನಡಿಗಳು ಬಾಗಿಲಿಗೇ ಅಂಟಿಕೊಂಡಿರುತ್ತವೆ. ಬಾಗಿಲು ಬಿಚ್ಚಿದರೆ ಕನ್ನಡಿಯೂ ಹೋಯಿತು, ಹಿಂದಿನ ಗಾಡಿ ಕಾಣದು, ಪೊಲೀಸರೂ ನಿಲ್ಲಿಸಬಹುದು. ಮುಂದಿನ ಗಾಜಿನ ಹಿಂಜಿಗೆ ಬೇರೆ ಕನ್ನಡಿ ಹಾಕಿದೆವು. ಬಾಗಿಲ ಕಂಬದಲ್ಲಿ ಒಳದೀಪದ ಗುಂಡಿ ಇದೆ, ಬಾಗಿಲು ಅದನ್ನು ಒತ್ತದಿದ್ದರೆ ದೀಪ ಉರಿಯುತ್ತಲೇ ಇದ್ದು ಬ್ಯಾಟರಿ ಇಳಿಯುತ್ತದೆ. ಕೊಳವೆ ಬಾಗಿಲಿಗೆ ಅದನ್ನು ಒತ್ತುವಂಥ ಒಂದು ಚಿಕ್ಕ ತಗಡು ಬೆಸೆದರು.

ಕೊನೆಯದು ಅಪ್ಪನದೇ ಯೋಚನೆ. ಇಲ್ಲಿ ಚೋಯಾ ಎಂಬ ಕಳ್ಳಿ ಇದೆ. ತುಸು ತಾಗಿದರೆ ಸಾಕು, ಅದರ ತುಂಡೇ ಕಳಚಿ ಬಟ್ಟೆಗೆ, ಚರ್ಮಕ್ಕೆ ಅಂಟುತ್ತದೆ. ಮುಳ್ಳಿಗೆ ಕೊಕ್ಕೆ ಇರುವುದರಿಂದ ಬೆರಳಲ್ಲಿ ಕೀಳಲು ಹೋದರೆ ಬೆರಳಿಗೂ ಚುಚ್ಚುತ್ತದೆ. ಬಾಚಣಿಗೆಯಿಂದ ಎಗರಿಸಬೇಕು. ಕೊಳವೆಯ ನಡುವೆ ಅದು ಸಲೀಸಾಗಿ ಒಳಗೆ ಬರುತ್ತದೆ. “ಸಕಲೇಶಪುರದ ಕಡೆ ತೋಟದ ಜೀಪಿಗೆ ಕ್ಯಾನ್ವಾಸ್ ಕಟ್ಟಿರ್ತಾರಲ್ಲ, ಹಂಗೆ ಕಟ್ಟು” ಎಂದರು. ಅಮ್ಮ ದಪ್ಪ ಕ್ಯಾನ್ವಾಸ್ ಅಳೆದು ಹೊಲಿದಳು, ಅಂಚಿಗೆ ಗುಂಡಿ ಹಾಕಿ ಕೊಳವೆಗೆ ಸುತ್ತಿದೆವು. ಹೀಗೆ ಬಾಗಿಲಿನಲ್ಲಿ ಅಮ್ಮನ ಕೆಲಸವೂ ಸೇರಿತು.

ಇಷ್ಟೆಲ್ಲ ಆದ ಮೇಲೂ ಅಪ್ಪ ಒಂದು ಮಾತು ಖಡಾಖಂಡಿತವಾಗಿ ಹೇಳಿದರು. ಇದು ಹೈವೇ ಬಾಗಿಲಲ್ಲ. ನಮ್ಮ ಬಾಗಿಲಿನ ಒಟ್ಟು ತೂಕ ಆರು ಕೆ.ಜಿ. ಆಸುಪಾಸು. ಪಕ್ಕದಿಂದ ಬಂದು ಗುದ್ದುವ ಕಾರನ್ನು ಅದು ತಡೆಯುವುದಿಲ್ಲ. ಎರಡು ಪದರದ ತಗಡಿನ, ಪರೀಕ್ಷೆ ದಾಟಿ ಬಂದ ಕಾರ್ಖಾನೆಯ ಬಾಗಿಲಿನ ಕೆಲಸವನ್ನು ನಾಲ್ಕು ಕೊಳವೆ ಮಾಡಲಾರದು. ಅದು ತಡೆಯುವುದು ನಿಧಾನ ಹೋಗುವಾಗ ಹೊರಚಾಚುವ ಕೈಯನ್ನು, ಜಾರುವ ಚೀಲವನ್ನು, ಚೋಯಾ ಮುಳ್ಳನ್ನು. ಮನುಷ್ಯರನ್ನು ಗಾಡಿಯೊಳಗೆ ಹಿಡಿದಿಡುವುದು ಬೆಲ್ಟು. ಇದನ್ನು ಅವರು ಕಣ್ಣಾರೆ, ಮೈಯಾರೆ ಕಂಡಿದ್ದರು.

ಅದಕ್ಕೇ ನಮ್ಮ ಮನೆಯಲ್ಲಿ ಈಗ ಒಂದು ನಿಯಮ. ಫ್ರೀವೇ ಹತ್ತುವುದಿದ್ದರೆ ಉಕ್ಕಿನ ಬಾಗಿಲು, ಎಷ್ಟೇ ಸೆಖೆಯಿರಲಿ. ಕೊಳವೆ ಬಾಗಿಲು ಹತ್ತಿರದ ಕಚ್ಚಾ ದಾರಿಗೆ ಮಾತ್ರ. ಬದಲಿಸಲು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಬೇಸರವಾದರೆ ಅಂದು ಹೋಗುವುದೇ ಬೇಡ.

ಫೋನಿನಲ್ಲಿ ಒಂದೇ ಪ್ರಶ್ನೆ

ಜನವರಿಯಲ್ಲಿ ಎರಡನೇ ಸಲ ಹೋದಾಗಲೂ ಅಪ್ಪನೇ ಮುಂದಿನ ಸೀಟಿನಲ್ಲಿ. ಅದೇ ಕಲ್ಲು, ಅದೇ ವಾಲು. ಅವರು ಬೇಕೆಂದೇ ಬಾಗಿಲಿಗೆ ಭುಜ ಕೊಟ್ಟು ಒತ್ತಿದರು. ಬಾಗಿಲು ಅಲುಗಲಿಲ್ಲ. ಇನ್ನೆರಡು ಸಲ ಅದೇ ಜಾಗ ಹತ್ತಿ ಇಳಿಸಿದೆ. ಮೂರನೇ ಸಲ “ಸಾಕು, ಮುಂದಿನ ವಾರ ಸೊಸೆ ಕೂರ್ಲಿ” ಎಂದರು. ಮುಂದಿನ ವಾರ ಹೆಂಡತಿ ಮುಂದೆ, ಮಗಳು ಮತ್ತು ಅಜ್ಜಿ ಹಿಂದೆ. 

ಅಪ್ಪ ಅಮ್ಮ ಮಾರ್ಚ್‌ನಲ್ಲಿ ಊರಿಗೆ ಹೊರಟರು. ಹೊರಡುವ ದಿನ ಎದುರು ಮನೆಯವರು ಬಂದು ಅಪ್ಪನ ಕೈಗೆ ತಮ್ಮ ಅರ್ಧದುಂಡು ಅರವನ್ನು ಕೊಟ್ಟರು. ಅಪ್ಪ ಅದನ್ನು ಬಟ್ಟೆಯಲ್ಲಿ ಸುತ್ತಿ, ಚೆಕ್-ಇನ್ ಸೂಟ್‌ಕೇಸಿನ ತಳದಲ್ಲಿ ಇಟ್ಟುಕೊಂಡರು. ಈಗಲೂ ಆ ಹಿರಿಯರು ನನ್ನನ್ನು ಕಂಡಾಗ ಕೈಬೀಸಿ ಸುಮ್ಮನಾಗುವುದಿಲ್ಲ, ರಸ್ತೆ ದಾಟಿ ಬಂದು ‘ಡ್ಯಾಡ್’ ಹೇಗಿದ್ದಾರೆ ಎಂದು ಕೇಳುತ್ತಾರೆ.

ಭಾನುವಾರ ಬೆಳಿಗ್ಗೆ ಹೊರಡುವ ಮುನ್ನ ನಾನು ತಿಪಟೂರಿಗೆ ವಿಡಿಯೊ ಕಾಲ್ ಮಾಡುತ್ತೇನೆ. ಅಲ್ಲಿ ರಾತ್ರಿ ಊಟದ ಹೊತ್ತು. ಅಮ್ಮ ಮೊಮ್ಮಗಳ ಹತ್ತಿರ ಮಾತಾಡುತ್ತಾಳೆ. ಅಪ್ಪ ಕೇಳುವುದು ಒಂದೇ.

“ಲಾಚು ಎಳೆದು ನೋಡಿದ್ಯಾ?”

ಕ್ಯಾಮೆರಾ ಅತ್ತ ತಿರುಗಿಸಿ, ಎರಡೂ ಕೈಯಲ್ಲಿ ಬಾಗಿಲನ್ನು ಹೊರಕ್ಕೆ ಜಗ್ಗಿ ತೋರಿಸುತ್ತೇನೆ. ಅಲುಗದಿದ್ದರೆ ಆ ಕಡೆಯಿಂದ “ಹ್ಞೂಂ, ಹೋಗ್ಬನ್ನಿ” ಎಂಬ ಉತ್ತರ ಬರುತ್ತದೆ. ಆಮೇಲೇ ನಾವು ಹೊರಡುವುದು.

ಮಾಡಿಕೊಳ್ಳುವವರ ಗಮನಕ್ಕೆ

* ಗಾಡಿಯ ಬಾಗಿಲು, ಕನ್ನಡಿಯ ನಿಯಮ ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಗಲ್ಫ್ ಮತ್ತಿತರ ದೇಶಗಳಲ್ಲಿ ಇರುವವರು ಅಲ್ಲಿನ ಸಾರಿಗೆ ಇಲಾಖೆಯನ್ನು ಕೇಳದೆ ಕೈಹಾಕಬೇಡಿ.
* ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ರೂಪವನ್ನು ಮನಬಂದಂತೆ ಬದಲಿಸುವುದನ್ನು ತಡೆಯುತ್ತದೆ. ಇಲ್ಲಿನ ಫೋಟೊ ನೋಡಿ ಊರಿನ ಜೀಪಿಗೆ ಮಾಡಿಸಲು ಹೋಗಬೇಡಿ.
* ಸತುವಿನ ಲೇಪದ ಕೊಳವೆಗೆ ಬೆಸುಗೆ ಬೇಡ. ಗ್ಯಾರೇಜಿನ ಬಾಗಿಲು ತೆರೆದಿಟ್ಟೇ ಕೆಲಸ ಮಾಡಿ.
* ಲಾಚು ಎರಡು ಹಂತದ್ದೇ ಇರಲಿ, ಮೇಲೊಂದು ಪಟ್ಟಿ ಇರಲಿ. ಚೌಕಟ್ಟಿಗಿಂತ ಮೊದಲು ಲಾಚು ಆಯ್ದುಕೊಳ್ಳಿ.
* ಯಾವ ಬಾಗಿಲು ಇದ್ದರೂ ಬೆಲ್ಟ್ ಕಟ್ಟದೆ ಗಾಡಿ ಕದಲಿಸಬೇಡಿ.